ನಿಂಗತ್ತೆಯ ಹಿತ್ತಲ ಕಾಗದ

ಅರಗಿನ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೋದ ತಿಂಗಳು ಪಾಂಡವಪುರದ ಕಚೇರಿಯೊಂದರಲ್ಲಿ ಒಂದು ಸಹಿಗಾಗಿ ಕಾಯುತ್ತಾ ಕೂತಿದ್ದೆ. ಪಕ್ಕದ ಮೇಜಿನವರು ಮೇಣದಬತ್ತಿ ಹಚ್ಚಿ, ಕೆಂಪು ಅರಗಿನ ಕಡ್ಡಿ ಕರಗಿಸಿ, ಲಕೋಟೆಯ ಮೇಲೆ ತೊಟ್ಟಿಕ್ಕಿಸಿ ಮೊಹರು ಒತ್ತಿದರು. ಈ ಕಾಲದಲ್ಲೂ ಅರಗು ಹಾಕ್ತಾರಾ ಎಂದು ನೋಡುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಕೂರಲಾಗಲಿಲ್ಲ. ಎದ್ದು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆ. ತೊಂಬತ್ತರ ದಶಕದ ನಡುವಿನ ಆ ಒಂದು ಬೇಸಿಗೆ, ನಿಂಗತ್ತೆಯ ಹಿಂದೆ ಕೋರ್ಟಿಂದ ಕೋರ್ಟಿಗೆ ಅಲೆದ ಬೇಸಿಗೆ, ಇಡಿಯಾಗಿ ಬಂದು ಎದುರು ನಿಂತಿತ್ತು.

ನಿಂಗತ್ತೆ ನಮ್ಮಪ್ಪನ ತಂಗಿ. ನಾಗಮಂಗಲದ ಕಡೆಗೆ ಕೊಟ್ಟಿದ್ದರಂತೆ. ಮದುವೆಯಾಗಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಂಡ ತೀರಿಕೊಂಡ. ಮಕ್ಕಳಿಲ್ಲ, ಮರಿಯಿಲ್ಲ. ಶೀಳನೆರೆ ಹೋಬಳಿಯ ನಮ್ಮೂರಿಗೆ ವಾಪಸು ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ನಮ್ಮನೆ ಹಿತ್ತಲಲ್ಲಿ ಅವಳದೊಂದು ಹೆಂಚಿನ ಕೋಣೆ, ಕೋಣೆಯಲ್ಲೊಂದು ಒಲೆ. ನಮ್ಮ ಹೊಲದಲ್ಲೇ ಗೇಯುತ್ತಿದ್ದಳು, ನಮ್ಮ ಹಸುಗಳನ್ನೇ ಕರೆಯುತ್ತಿದ್ದಳು, ಆದರೆ ಮುದ್ದೆ ಮಾತ್ರ ತನ್ನ ಒಲೆಯ ಮೇಲೇ ತಿರುವಿಕೊಳ್ಳಬೇಕು. 'ನನ್ನ ಮುದ್ದೆ ಗಟ್ಟಿಯಾದ್ರೂ ನಂದೇ, ಮೆತ್ತಗಾದ್ರೂ ನಂದೇ ಕಣೆ ಕೂಸೆ' ಎನ್ನುತ್ತಿದ್ದಳು. ಅಪ್ಪ ಬದುಕಿರುವವರೆಗೆ ಆ ಒಲೆಯ ತಂಟೆಗೆ ಯಾರೂ ಹೋಗಲಿಲ್ಲ.

ಅಪ್ಪ ಸತ್ತ ಮೇಲೆ ಯಜಮಾನಿಕೆ ನಮ್ಮಣ್ಣ ಕುಮಾರನ ಕೈಗೆ ಬಂತು. ಅವನು ಕೆಟ್ಟವನಲ್ಲ, ಆದರೆ ಹಾಲಿನ ಡೈರಿಯ ಹುಚ್ಚು ಹತ್ತಿಸಿಕೊಂಡಿದ್ದ. ಸೀಮೆ ಹಸು ಕಟ್ಟಬೇಕು, ಅದಕ್ಕೆ ಸಿಮೆಂಟಿನ ಕೊಟ್ಟಿಗೆ ಬೇಕು, ಕೊಟ್ಟಿಗೆಗೆ ಹಿತ್ತಲು ಬೇಕು. ಅತ್ತೆ ನಡುಮನೆಯ ಮೂಲೆಯಲ್ಲಿ ಮಲಗಲಿ, ನಮ್ಮ ಜೊತೆಗೇ ಉಣ್ಣಲಿ, ಏನೀಗ ಎಂದ. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಳು.

'ಇತ್ಲು ನಂದು ಕಣ್ಲಾ. ಕೋರ್ಟ್ನಲ್ಲಿ ನನ್ನ ಎಸ್ರಿಗೆ ಆಗೈತೆ. ನಿಮ್ಮಪ್ಪನೇ ಯೋಳವ್ನೆ, ಯಾರೂ ನಿನ್ನ ಎಬ್ಸಂಗಿಲ್ಲ ಅಂತ.'

'ಅಂಗಾದ್ರೆ ಕಾಗ್ದ ತೋರ್ಸತ್ತೆ. ಮಳೆ ಇಡಿಯೋ ಒಳಗೆ ತೋರ್ಸು, ನಾನು ಬಾಯಿ ಮುಚ್ಕಂಡು ಬೇರೆ ಕಡೆ ಕೊಟ್ಗೆ ಆಕ್ಕತೀನಿ,' ಎಂದ ಅಣ್ಣ.

ಅಪ್ಪನ ಪೆಟ್ಟಿಗೆ, ಅಟ್ಟ, ಮಾಡು ಎಲ್ಲ ತಡಕಿದರೂ ಕಾಗದ ಸಿಗಲಿಲ್ಲ.

ಆ ಕೋರ್ಟು ಕಥೆ ನಮಗೆಲ್ಲ ಬಾಯಿಪಾಠ. ತಾತ ತೀರಿಕೊಂಡ ಮೇಲೆ ನಮ್ಮಪ್ಪನ ಮೇಲೆ ಅವನ ಸ್ವಂತ ತಮ್ಮ, ನಮ್ಮ ಚಿಕ್ಕಪ್ಪ ಜವರ, ಪಾಲಿಗಾಗಿ ದಾವೆ ಹಾಕಿದ. ನಾನು ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನ ಮಾತು. ಅವತ್ತಿನಿಂದ ಎರಡು ಮನೆಗೂ ಬೆಂಕಿ ನೀರು ನಿಂತಿತು. ಚಿಕ್ಕಪ್ಪನ ಮನೆ ಇದ್ದದ್ದು ಓಣಿಯ ಆಚೆ ಬದಿಗೆ, ನಮ್ಮ ಬಾಗಿಲಿಗೆ ನೇರ ಎದುರಿಗೆ. ಅವರ ಮನೆಗೆ ನಮ್ಮ ಚೆಂಡು ಬಿದ್ದರೆ ಆ ಚೆಂಡಿನ ಆಸೆ ಬಿಡಬೇಕು. ಅವರ ಮನೆಯಲ್ಲಿ ಮದುವೆಯಾದರೆ ನಾವು ಬಾಗಿಲು ಹಾಕಿಕೊಂಡು ಕೂರಬೇಕು. ನಿಂಗತ್ತೆಯಂತೂ ಭೈರವನ ಗುಡಿಯಲ್ಲಿ ಕರ್ಪೂರ ಹಚ್ಚಿ ಆಣೆ ಮಾಡಿದ್ದಳು, ತನ್ನ ಅಣ್ಣನ ಮೇಲೆ ದಾವೆ ಹಾಕಿದವನ ಹೊಸಿಲು ಮೆಟ್ಟಲ್ಲ ಅಂತ. ಆ ಚಿಕ್ಕಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಅವನು ಸತ್ತಾಗ ನಾನು ನಾಲ್ಕನೇ ಕ್ಲಾಸು. ಎದುರು ಮನೆಯಿಂದ ಹೆಣ ಎತ್ತುವ ಹೊತ್ತಿಗೆ ಹಿತ್ತಲ ಕೋಣೆಗೆ ಓಡಿ ನೋಡಿದೆ. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ತಲೆ ಜಜ್ಜಿಕೊಳ್ಳುತ್ತಿದ್ದಳು. ಆದರೂ ಹೋಗಲಿಲ್ಲ.

ನಾನು ಆಗಷ್ಟೇ ಬಿ.ಎ. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. 'ನೀನು ಓದ್ದೋಳು, ನೀನೇ ಉಡುಕ್ಕೊಡು ಗೌರಿ' ಎಂದು ಅತ್ತೆ ನನಗೆ ಗಂಟುಬಿದ್ದಳು. ನನಗೂ ಅಣ್ಣನ ಮೇಲೆ ಸಿಟ್ಟಿತ್ತು. ಹೊರಟೇಬಿಟ್ಟೆವು.

'ಅತ್ತೆ, ಕೋರ್ಟು ಯಾವೂರಲ್ಲಿತ್ತು?' ಎಂದು ಕೇಳಿದರೆ 'ನೀರಿತ್ತು ಕಣೆ' ಎಂದಳು. ಅವಳು ಹೋಗಿದ್ದು ಒಂದೇ ಸಲ, ಅದೂ ದಾರಿಯುದ್ದಕ್ಕೂ ಮುಖ ಮುಚ್ಚಿ ಅಳುತ್ತಾ. ನೀರು ಕಂಡಳಂತೆ, ಕೆಂಪು ಪಟ್ಟಿ ಹಾಕಿದ ಜವಾನನನ್ನು ಕಂಡಳಂತೆ, ಅಷ್ಟೇ. ನಮ್ಮ ಸೀಮೆಯಲ್ಲಿ ನೀರಿಗೇನು ಬರವೇ ತಾಯಿ! ಪ್ಯಾಟೆ ಕಡೆ ಹೋದರೆ ಹೇಮಾವತಿ, ಪಾಂಡವಪುರಕ್ಕೆ ಹೋದರೆ ನಾಲೆ, ನಾಗಮಂಗಲದಲ್ಲಿ ಕೆರೆ, ಶ್ರೀರಂಗಪಟ್ಟಣದಲ್ಲಿ ಕಾವೇರಿ. ಇಂಥ ಗುರುತು ಹಿಡಿದು ಕೋರ್ಟು ಹುಡುಕಲು ಹೊರಟ ನನ್ನ ಬುದ್ಧಿಗೆ ನಾನೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು.

ಲಾಯರು ಇಡಲು ನಮ್ಮ ಹತ್ತಿರ ಏನೂ ಇರಲಿಲ್ಲ. ಬೆಳಗ್ಗೆ ಡೈರಿಯ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕೂತು ಪ್ಯಾಟೆಗೆ ಹೋದರೆ ಅಲ್ಲಿವರೆಗೆ ಬಿಟ್ಟಿ. ಮುಂದಕ್ಕೆ ಬಸ್ಸು. ಮಧ್ಯಾಹ್ನಕ್ಕೆ ಅತ್ತೆಯ ರೊಟ್ಟಿ, ಹುಚ್ಚೆಳ್ಳು ಚಟ್ನಿ. ನೀರಿಗೆ ಯಾವುದಾದರೂ ಬೋರ್‌ವೆಲ್ಲು. ಪ್ಯಾಟೆ ಎಂದರೆ ನಮ್ಮ ಕೆ.ಆರ್. ಪೇಟೆ, ಮೊದಲು ಅಲ್ಲೇ ವಿಚಾರಿಸಿದೆವು. ಕೋರ್ಟಿನ ಹೊರಗೆ ಟೈಪು ಮಾಡುತ್ತಿದ್ದವರು ದಾವೆಯ ನಂಬರು ಕೇಳಿದರು, ವರ್ಷ ಕೇಳಿದರು. ಅತ್ತೆ 'ನಮ್ಮ ಕೆಂದ ಹಸ ಮೊದಲ್ನೆ ಕರ ಆಕಿದ್ ವರ್ಸ' ಎಂದಳು. ಆ ಮನುಷ್ಯ ಟೈಪು ನಿಲ್ಲಿಸಿ ನನ್ನನ್ನೇ ನೋಡಿದ. ನಾನು ನಾಚಿಕೆಯಿಂದ ನೆಲ ನೋಡಿದೆ. ಒಳಗೆ ಗುಮಾಸ್ತರು ಮರ್ಯಾದೆಯಿಂದಲೇ ಹೇಳಿದರು, ಅಷ್ಟು ಹಿಂದಿನ ದಾವೆ ಇಲ್ಲಿ ದಾಖಲಾಗಿಲ್ಲ, ಪಾಂಡವಪುರದಲ್ಲಿ ಕೇಳಿ ಎಂದು.

ಅತ್ತೆಯ ಬಾಯಲ್ಲಿ ಪಾಂಡವಪುರ ಇನ್ನೂ ಹಿರೋಡೆಯೇ. ಹಿರೋಡೆಯಲ್ಲಿ ನಾವು ಹೋದ ದಿನ ಯಾವುದೋ ರಜೆ. ಮತ್ತೊಂದು ದಿನ ಹೋದಾಗ ಹುಡುಕಿ ನೋಡಿದರು, ಇರಲಿಲ್ಲ. ಬಿಸಿಲೋ ಬಿಸಿಲು. ಆಲೆಮನೆಗಳ ಬೆಲ್ಲದ ಹೊಗೆ ಗಂಟಲಿಗೆ ಕಟ್ಟುತ್ತಿತ್ತು. ಅತ್ತೆಯ ಗಂಡನ ಕಡೆಯವರು ಏನಾದರೂ ಜಮೀನಿನ ತಕರಾರಲ್ಲಿ ಇದನ್ನೂ ಸೇರಿಸಿದ್ದರೇನೋ ಎಂದು ಯಾರೋ ಅನುಮಾನ ಹುಟ್ಟಿಸಿದರು. ಅದಕ್ಕೆ ನಾಗಮಂಗಲಕ್ಕೂ ಹೋದೆವು. ಅಲ್ಲಿ ಬಸ್ಸಿಳಿದವಳೇ ಅತ್ತೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ವಾಪಸು ಬಸ್ಸು ಹತ್ತುವವರೆಗೆ ಅದನ್ನು ಸರಿಸಲಿಲ್ಲ. ಅಲ್ಲಿಯೂ ನಮ್ಮ ದಾವೆ ಇರಲಿಲ್ಲ.

'ಸಾಕು ಬುಡತ್ತೆ, ಅಣ್ಣನ ಕಾಲಾದ್ರೂ ಇಡ್ಕಳವ,' ಎಂದೆ ಒಂದು ದಿನ, ರೋಸಿಹೋಗಿ.

'ಕಾಲಿಡ್ಕಂಡ್ರೆ ಮೂಲೆ ಕೊಡ್ತನೆ ಕಣೆ. ಒಲೆ ಕೊಡ್ತನಾ?' ಎಂದಳು.

ಉಳಿದಿದ್ದು ಶ್ರೀರಂಗಪಟ್ಟಣ. ಬಸ್ಸಿಗಿಂತ ಅಗ್ಗ ಎಂದು ಪಾಂಡವಪುರದಲ್ಲಿ ಇಳಿದು, ರೈಲ್ವೆ ಸ್ಟೇಷನ್‌ವರೆಗೆ ನಡೆದು ಪ್ಯಾಸೆಂಜರ್ ಗಾಡಿ ಹತ್ತಿದೆವು. ಕಾವೇರಿಯ ಸೇತುವೆ ಬಂದದ್ದೇ ಅತ್ತೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು. 'ಇದೇ ನೀರು ಕೂಸೆ, ಇದೇ ನೀರು' ಎಂದಳು. ಆಮೇಲೆ, ಎದುರು ಸೀಟಿನವರಿಗೂ ಕೇಳುವ ಹಾಗೆ, ಯಾರಿಗೂ ಹೇಳದ ಮಾತು ಹೇಳಿದಳು.

'ಇಲ್ಲೇ ಕಣೆ ನಾನು ಜವರನ ಮ್ಯಾಲೆ ಸಾಕ್ಷಿ ಏಳಿ ಎಬ್ಬೆಟ್ ಒತ್ತಿದ್ದು. ಅಣ್ಣಯ್ಯ ಒತ್ತು ಅಂದ, ಒತ್ಬುಟ್ಟೆ. ಮೊಲೆಹಾಲು ಕುಡ್ಸಿಲ್ಲ ಅನ್ನದೊಂದು ಬುಟ್ರೆ ಅವನು ನನ್ ಮಗನೇ. ಅವನ ಮ್ಯಾಲೆ ಒತ್ತಿದ ಬೆಟ್ಟು ಇದು.' ಬಲಗೈ ಎತ್ತಿ ತೋರಿಸಲೂ ಇಲ್ಲ, ಮಡಿಲಲ್ಲೇ ಮುಚ್ಚಿಕೊಂಡಳು.

ಪಟ್ಟಣದ ಕಚೇರಿಯಲ್ಲಿ ವಯಸ್ಸಾದ ಗುಮಾಸ್ತರೊಬ್ಬರು ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಹಳೆಯ ರಿಜಿಸ್ಟರುಗಳನ್ನು ತರಿಸಿದರು. ಪಕ್ಕದಲ್ಲಿ ಯಾವುದೋ ನಕಲಿಗೆ ಅರಗು ಹಾಕುತ್ತಿದ್ದರು, ವಾಸನೆ ತುಂಬಿಹೋಗಿತ್ತು. ಬಹಳ ಹೊತ್ತು ಪುಟ ಮಗುಚಿದ ಮೇಲೆ ಗುಮಾಸ್ತರ ಬೆರಳು ಒಂದು ಸಾಲಿನಲ್ಲಿ ನಿಂತಿತು.

'ಸಿಕ್ತಮ್ಮ. ವಾದಿ ಜವರೇಗೌಡ. ಒಂದನೇ ಪ್ರತಿವಾದಿ ನಿಮ್ಮ ತಂದೆ. ಎರಡನೇ ಪ್ರತಿವಾದಿ ನಿಂಗಮ್ಮ.'

'ಅವರು ಸಾಕ್ಷಿ ಸಾರ್, ಪ್ರತಿವಾದಿ ಅಲ್ಲ,' ಎಂದೆ.

'ಇಲ್ಲಮ್ಮ. ಇವರ ಮೇಲೂ ದಾವೆ ಹಾಕಿದ್ದಾರೆ. ರಾಜಿಯಲ್ಲಿ ಮುಗಿದಿದೆ.'

ರಾಜಿಯಾ? ನ್ಯಾಯಾಧೀಶರು ಚಿಕ್ಕಪ್ಪನಿಗೆ ಛೀಮಾರಿ ಹಾಕಿ ಅತ್ತೆಗೆ ಹಿತ್ತಲು ಕೊಡಿಸಿದರು ಎಂದು ಅಪ್ಪ ನಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದ ಕಥೆ? ರಾಜಿಯಾದ ಮೇಲೆ ಎರಡು ಮನೆಗೂ ಯಾಕೆ ಮೂವತ್ತು ವರ್ಷದ ಹಗೆ? ನಾನು ಅತ್ತೆಯ ಕಡೆ ತಿರುಗಿದೆ. ಅವಳಿಗೆ ರಾಜಿ ಕೇಳಿಸಿರಲೇ ಇಲ್ಲ. 'ನನ್ಮ್ಯಾಲೂ ಆಕಿದ್ನಾ? ಜವರ ನನ್ಮ್ಯಾಲಾ?' ಎಂದು ಗೋಡೆಯನ್ನು ಕೇಳುತ್ತಿದ್ದಳು.

ಹಿತ್ತಲ ವಿಷಯ ರಿಜಿಸ್ಟರಿನಲ್ಲಿ ಇರುವುದಿಲ್ಲ, ಡಿಕ್ರಿ ನೋಡಬೇಕು, ಅಷ್ಟು ಹಳೆಯದು ಮಂಡ್ಯದಿಂದ ತರಿಸಬೇಕು, ತಿಂಗಳುಗಟ್ಟಲೆ ಆಗಬಹುದು ಎಂದರು ಗುಮಾಸ್ತರು. ನಮ್ಮ ಹತ್ತಿರ ಆ ವ್ಯವಧಾನವೂ ಇರಲಿಲ್ಲ, ಮತ್ತೆ ಮತ್ತೆ ಬರುವ ಅನುಕೂಲವೂ ಇರಲಿಲ್ಲ. ನನ್ನ ಮುಖ ನೋಡಿ ಅವರೇ ದಾರಿ ತೋರಿಸಿದರು. 'ಆಗಲೇ ವಾದಿ ಒಂದು ನಕಲು ತಗೊಂಡು ಹೋಗಿದ್ದಾರೆ. ಅವರ ಮನೆಯಲ್ಲೇ ಇರತ್ತೆ ನೋಡಿ. ಅವರದು ಯಾವೂರು?'

'ನಮ್ಮನೆ ಎದುರುಗಡೆ ಮನೆ ಸಾರ್,' ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ಊರು ಸುತ್ತಿಬಂದವರಿಗೆ ಓಣಿ ದಾಟಲು ಏನಾಗಿತ್ತು ಎಂದು ಕೇಳಲಿಲ್ಲ, ದೊಡ್ಡ ಮನಸ್ಸು.

ಮಾರನೇ ದಿನ ಊಟದ ಹೊತ್ತು. ಗಂಡಸರೆಲ್ಲ ಹೊಲದಲ್ಲಿದ್ದರು. ಓಣಿಯಾಚೆ ತನ್ನ ಜಗುಲಿಯ ಮೇಲೆ ಚಿಕ್ಕವ್ವ, ಚಿಕ್ಕಪ್ಪನ ಹೆಂಡತಿ, ಕಾಲು ಚಾಚಿ ಕೂತು ಹುಣಸೆಹಣ್ಣು ಜಜ್ಜುತ್ತಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ಆ ಹೆಂಗಸಿನ ಜೊತೆ ಒಂದು ಮಾತಾಡಿದವಳಲ್ಲ. ಹೋಗಿ ಎದುರು ನಿಂತು 'ಚಿಕ್ಕವ್ವ' ಎಂದೆ. ಅವಳ ಕೈಯಲ್ಲಿದ್ದ ಕುಟ್ಟುವ ಕಲ್ಲು ಹಾಗೇ ನಿಂತಿತು. ನನ್ನ ಹಿಂದೆ ಅತ್ತೆಯೂ ಬಂದಳು, ಆದರೆ ಓಣಿಯ ನಡುವೆ ನಿಂತುಬಿಟ್ಟಳು, ಆಣೆಯ ಗೆರೆ ಅಲ್ಲೇ ಎಳೆದಿದೆಯೇನೋ ಅನ್ನುವ ಹಾಗೆ.

ಕೋರ್ಟಿನ ಕಾಗದ ಬೇಕಿತ್ತು, ಹಿತ್ತಲು ಅತ್ತೆಯ ಹೆಸರಿಗಿದೆಯಾ ನೋಡಬೇಕಿತ್ತು ಎಂದೆ. ಚಿಕ್ಕವ್ವ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು.

'ಇತ್ಲಾ? ಯಾವ ಇತ್ಲವ್ವಾ? ನೀನು ಏನೂ ಬ್ಯಾಡ ಅಂತ ಬೆಟ್ಟು ಒತ್ತಿದ್ಯಲ್ಲ ಅತ್ಗೆ. ಅದಕ್ಕೇ ತಾನೆ ಆ ಅಣ್ತಮ್ಮಂದ್ರು ಅಷ್ಟು ನಾಟ್ಕ ಆಡಿದ್ದು?'

'ಯಾವ ನಾಟ್ಕ?' ಎಂದಳು ಅತ್ತೆ ಓಣಿಯ ನಡುವಿನಿಂದ.

ಚಿಕ್ಕವ್ವ ಕಲ್ಲು ಕೆಳಗಿಟ್ಟಳು. 'ಅಯ್ಯೋ ಸಿವ್ನೇ. ನಿಂಗೆ ಗೊತ್ತಿಲ್ವಾ ಅತ್ಗೆ? ಭಾವ ಸಾಯೋ ಮುಂದಾದ್ರೂ ಯೋಳ್ಲಿಲ್ವಾ?'

ಆಮೇಲೆ ಅವಳು ಹೇಳಿದ್ದನ್ನು ನಾನು ನಿಂತೇ ಕೇಳಿಸಿಕೊಂಡೆ. ತಾತ ಸತ್ತಾಗ ಹೆಣ್ಣುಮಕ್ಕಳಿಗೂ ಅಪ್ಪನ ಆಸ್ತಿಯಲ್ಲಿ ಪಾಲು ಎನ್ನುವ ಹೊಸ ಕಾಯ್ದೆ ಬಂದಿತ್ತು. ಗಂಡ ಸತ್ತು ಬಂದಿದ್ದ ತಂಗಿ ಪಾಲು ಕೇಳಿದರೆ, ನಾಳೆ ಅವಳ ಗಂಡನ ಕಡೆಯವರು ಬಂದು ಕೂತರೆ ಎಂದು ಅಣ್ಣತಮ್ಮಂದಿರಿಗೆ ಹೆದರಿಕೆ. ನೇರವಾಗಿ ಬೇಡ ಎಂದು ಬರೆಸಿಕೊಳ್ಳಲು ಮುಖವಿಲ್ಲ. ಅದಕ್ಕೆ ಇಬ್ಬರೂ ಸೇರಿ ಜಗಳ ಹುಟ್ಟಿಸಿದರು. ತಮ್ಮ ಅಣ್ಣನ ಮೇಲೆ ದಾವೆ ಹಾಕಿದ ಹಾಗೆ, ಅಣ್ಣ ಮುಳುಗಿಹೋಗುತ್ತಿರುವ ಹಾಗೆ. ಅಣ್ಣನನ್ನು ಉಳಿಸುವ ಸಾಕ್ಷಿ ಎಂದು ಹೇಳಿ ತಂಗಿಯಿಂದ ಹೆಬ್ಬೆಟ್ಟು ಒತ್ತಿಸಿದರು. ಅದು ತನಗೆ ಯಾವ ಹಕ್ಕೂ ಬೇಡ ಎನ್ನುವ ರಾಜಿಯ ಕಾಗದ.

'ವಾಯಿದೆ ದಿಸ ನೀನು ಭಾವಂಗೆ ಬುತ್ತಿ ಕಟ್ಕೊಡ್ತಿದ್ಯಲ್ಲ ಅತ್ಗೆ, ಪಟ್ಣದಲ್ಲಿ ಒಳೆ ದಡ್ದಲ್ಲಿ ಕುಂತು ಇಬ್ರೂ ಅದನ್ನೇ ಅಂಚ್ಕಂಡು ಉಣ್ಣೋರಂತೆ. ಅಕ್ಕನ ಕೈ ಚಟ್ನಿ ಅಂತ ಇವರು ಬಂದು ನನ್ತಾವ ಬಾಯಿ ಚಪ್ಪರ್ಸೋರು.'

ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳಿದ ನನ್ನಪ್ಪ, ಊರಿಗೆಲ್ಲ ನ್ಯಾಯ ಹೇಳುತ್ತಿದ್ದ ನನ್ನಪ್ಪ!

'ಮತ್ತೆ ನಾಟ್ಕ ಆಗಿದ್ರೆ ಇಷ್ಟು ವರ್ಷ ಯಾಕೆ ಮಾತು ಬುಟ್ರಿ?' ಎಂದು ಕೂಗಿಯೇಬಿಟ್ಟೆ.

'ದಾವೆ ಬಿಗಿಯಾಗ್ಲಿ ಅಂತ ನಿಮ್ಮಪ್ಪ ಕೋರ್ಟ್ನಲ್ಲಿ, ಎಲ್ಲಾರ ಮುಂದೆ, ಇವ್ನು ನಮ್ಮಪ್ಪಂಗೆ ಉಟ್ದೋನೇ ಅಲ್ಲ ಅಂದ್ಬುಟ್ಟ ಕಣವ್ವ. ಅಂಗನ್ನು ಅಂತ ಯಾರೂ ಯೋಳ್ಕೊಟ್ಟಿರ್ಲಿಲ್ಲ. ಆಡ್ತಾ ಆಡ್ತಾ ಬಾಯಿಗ್ ಬಂದ್ಬುಡ್ತು. ಇವರು ಮನೆಗ್ ಬಂದು ಉಣ್ಣಲಿಲ್ಲ. ಸತ್ತ ಅವ್ವನ್ನ ಆಡ್ಬುಟ್ನಲ್ಲ ಅಂತ. ಅವತ್ತಿಂದ ದಿಟವಾದ ಜಗಳವೇ.'

ಸುಳ್ಳು ಜಗಳ ಅತ್ತೆಗೋಸ್ಕರ ಹುಟ್ಟಿ, ನಿಜದ ಜಗಳವಾಗಿ ಎರಡು ಮನೆಗೂ ಬಿದ್ದಿತ್ತು. ಹುಟ್ಟಿಸಿದವರು ಇಬ್ಬರೂ ಬಾಯಿ ಬಿಡುವ ಹಾಗಿಲ್ಲ, ಬಿಟ್ಟರೆ ತಂಗಿಗೆ ಮಾಡಿದ ಮೋಸ ಬಯಲಾಗುತ್ತದೆ. ನಾವು, ಅದರ ತಲೆಬುಡ ಗೊತ್ತಿಲ್ಲದ ಮಕ್ಕಳು, ಆ ಹಗೆಯನ್ನು ಪೂಜೆಯ ಹಾಗೆ ನಡೆಸಿಕೊಂಡು ಬಂದಿದ್ದೆವು.

ಅತ್ತೆ ಕೇಳಿದ್ದು ಹಿತ್ತಲ ವಿಷಯವನ್ನಲ್ಲ. 'ಜವರ ನನ್ನ ಕೇಳಿದ್ನಾ?' ಎಂದಳು.

ಚಿಕ್ಕವ್ವ ಅಳತೊಡಗಿದಳು. 'ಸಾಯೋ ಮುಂದೆ ಮೂರ್ ದಿಸ ಬಾಗ್ಲು ನೋಡಿದ್ರು ಕಣತ್ಗೆ. ಕದ ಸದ್ದಾದ್ರೆ ಅಕ್ಕ ಬಂದ್ಳಾ ಅನ್ನೋರು. ಅಣ್ಣ ಎಲ್ಲಾ ಯೋಳವ್ನೆ, ಅಕ್ಕಂಗೆ ಗೊತ್ತಾಗೈತೆ, ಅದಕ್ಕೇ ಬರಾಕಿಲ್ಲ, ನಾನು ಮಾಡಿದ್ ಪಾಪಕ್ಕೆ ಬರ್ಬಾರ್ದು ಬುಡು ಅಂದ್ರು. ನಾನೂ ಅಂಗೇ ತಿಳ್ಕಂಡಿದ್ದೆ, ನೀನು ಗೊತ್ತಿದ್ದೂ ಕ್ಸಮಿಸ್ಲಿಲ್ಲ ಅಂತ.'

ಅತ್ತೆ ಓಣಿ ದಾಟಿದಳು. ಜಗುಲಿ ಹತ್ತಿದಳು, ಹೊಸಿಲು ಮೆಟ್ಟಿ ಒಳಗೆ ಹೋದಳು. 'ಎಲ್ಲಿ ಮಲ್ಗಿಸಿದ್ರಿ?' ಎಂದು ಕೇಳಿದ್ದು ಕೇಳಿಸಿತು. ಚಿಕ್ಕವ್ವ ನಡುಮನೆಯ ಕಂಬದ ಬುಡ ತೋರಿಸಿದಳು. ಅತ್ತೆ ಅಲ್ಲಿ ಕೂತು, ತುರುಬು ಬಿಚ್ಚಿ, ಎರಡೂ ಕೈಯಲ್ಲಿ ಎದೆ ಬಡಿದುಕೊಂಡು, ಹೆಣದ ಮುಂದೆ ಹೆಂಗಸರು ಅಳುವ ಹಾಗೆ ಹಾಡಿ ಅಳಲು ಶುರುಮಾಡಿದಳು.

'ಸ್ವಂಟದ ಮ್ಯಾಲೆ ಒತ್ಕಂಡು ತಿರುಗಿದ್ನಲ್ಲೋ ನನ್ನಪ್ಪಾ... ಒಂದ್ ಇಡಿ ಮಣ್ಣಾಕಕ್ಕೂ ಬರ್ಲಿಲ್ವಲ್ಲೋ ನನ್ನಪ್ಪಾ... ಬಾಗ್ಲು ನೋಡ್ಕಂಡೇ ಓದ್ಯಲ್ಲೋ ಜವರಾ...'

ಆ ದನಿಗೆ ಊರೇ ಓಡಿಬಂತು. ಕೈಯಲ್ಲಿ ತುತ್ತು ಹಿಡಿದವರು, ತಲೆಯಲ್ಲಿ ಹುಲ್ಲಿನ ಹೊರೆ ಹೊತ್ತವರು, ಎಲ್ಲ ಬಂದು ಜಗುಲಿ ತುಂಬಿದರು. 'ಯಾರವ್ವಾ ಓಗಿದ್ದು? ನಿಮ್ ಚಿಕ್ಕವ್ವನಾ?' ಎಂದರೆ ಚಿಕ್ಕವ್ವ ಕಣ್ಣೀರು ಸುರಿಸುತ್ತಾ ಎದುರಿಗೇ ನಿಂತಿದ್ದಾಳೆ. 'ಚಟ್ಟಕ್ಕೆ ಬಿದುರು ಕಡ್ಕಬರ್ಲಾ?' ಎಂದು ಒಬ್ಬ ಕೊಡಲಿ ಹಿಡಿದೇ ಬಂದಿದ್ದ. ಯಾರು ಸತ್ತದ್ದು ಎಂದು ಎಲ್ಲರೂ ನನ್ನನ್ನು ಕೇಳಿದರು. 'ಚಿಕ್ಕಪ್ಪ' ಎಂದೆ. ಹತ್ತು ಹನ್ನೊಂದು ವರ್ಷದ ಹಿಂದೆ ತಾವೇ ಹೊತ್ತು ಮಣ್ಣು ಮಾಡಿದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೂ ವಯಸ್ಸಾದ ಹೆಂಗಸರು ನಾಲ್ಕು ಜನ ಒಳಗೆ ಹೋಗಿ ಅತ್ತೆಯ ಸುತ್ತ ಕೂತು ದನಿಗೂಡಿಸಿದರು.

ಅಣ್ಣನೂ ಹೊಲದಿಂದ ಓಡಿಬಂದ, ಕಾಲಿನ ಕೆಸರು ತೊಳೆಯದೆ. ಓಣಿಯಲ್ಲೇ ನಿಲ್ಲಿಸಿ ಎಲ್ಲ ಹೇಳಿದೆ. ಸುಳ್ಳು ಹೇಳ್ತಿದೀಯಾ ಎಂದು ನನ್ನ ಮೇಲೆ ಕೈ ಎತ್ತಿದ, ಎತ್ತಿದ ಕೈಯಿಂದಲೇ ಮುಖ ಒರೆಸಿಕೊಂಡ. ಆಮೇಲೆ, ಹುಟ್ಟಿದಾಗಿನಿಂದ ಮೊದಲ ಸಲ, ಆ ಮನೆಯ ಹೊಸಿಲ ಹತ್ತಿರ ಹೋಗಿ ಬಗ್ಗಿ ನೋಡಿದ.

ಅಷ್ಟೊತ್ತಿಗೆ ಅತ್ತೆಯ ದನಿ ಬಿದ್ದುಹೋಗಿತ್ತು. ಕಂಬಕ್ಕೆ ಒರಗಿ ಕೂತಿದ್ದಳು.

'ಅತ್ತೆ, ಏಳು. ಕೊಟ್ಗೆ ಗಿಟ್ಗೆ ಏನೂ ಬ್ಯಾಡ,' ಎಂದ ಅಣ್ಣ. 'ಇತ್ಲು ನಿಂದೇ ಕಣತ್ತೆ. ಯಾರೂ ನಿನ್ನ ಎಬ್ಸಾಕಿಲ್ಲ. ನನ್ನಾಣೆ.'

ಅತ್ತೆ ತಲೆ ಎತ್ತಿ ಅವನನ್ನು ನೋಡಿದಳು.

'ಇಂಗೇ ಯೋಳಿದ್ದ ಕಣ್ಲಾ,' ಎಂದಳು, 'ನಿಮ್ಮಪ್ಪನೂವೆ.'